ನೀಲಿ ಬ್ಯಾಡ, ಸಿರುಗುಪ್ಪ ರೋಡದು!

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. ಹಗಲಿನಲ್ಲಿ ಹೋದರೆ ನೋಡಲು ಏನೂ ಕಡಿಮೆಯಿಲ್ಲ. ಕಾಲುವೆ, ಗದ್ದೆ, ಅಕ್ಕಿ ಗಿರಣಿ, ತೆಕ್ಕಲಕೋಟೆಯ ಬಂಡೆಗುಡ್ಡ. ಕತ್ತಲಾದ ಮೇಲೆ ಅದೇ ರಸ್ತೆ ಚಾಲಕನನ್ನು ಪರೀಕ್ಷೆಗೆ ಕೂರಿಸುತ್ತದೆ. ಭತ್ತದ ಕಟಾವು ಶುರುವಾಯಿತೆಂದರೆ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಅರ್ಧ ರಸ್ತೆ ಹಿಡಿದು ತೆವಳುವ ಕಟಾವು ಯಂತ್ರ, ಟಾರಿನ ಅಂಚಿಗೇ ಹರವಿದ ಭತ್ತ, ಆ ಭತ್ತಕ್ಕೆ ಕಾವಲಿಟ್ಟ ಕಲ್ಲುಗುಂಡು. ಮೆಣಸಿನಕಾಯಿ ಕಾಲ ಬಂದರೆ ಕುರುಗೋಡು, ಸಿರುಗುಪ್ಪದ ಹೊಲಗಳಿಂದ ಬ್ಯಾಡಗಿ ಮಾರುಕಟ್ಟೆಗೆ ಹೊರಟ ಗೂಡ್ಸ್ ಗಾಡಿಗಳು ಚೀಲಗಳನ್ನು ಎತ್ತರಕ್ಕೆ ಪೇರಿಸಿಕೊಂಡು ರಾತ್ರಿಯೇ ಓಡುತ್ತವೆ. ಇಂಥ ರಸ್ತೆಯಲ್ಲಿ ಎದುರಿನ ಗಾಡಿಯ ಹೆಡ್‌ಲೈಟಿಗೆ ನಾವೆಲ್ಲ ಬೈಯುತ್ತೇವೆ. ನಮ್ಮ ಸ್ಟೀರಿಂಗಿನ ಹಿಂದೆಯೇ, ಮೂಗಿನಿಂದ ಎರಡಡಿ ದೂರದಲ್ಲಿ, ಇನ್ನೊಂದು ದೀಪ ಕಣ್ಣಿಗೆ ಹೊಡೆಯುತ್ತಿರುತ್ತದೆ ಎಂಬುದು ಯಾರ ಮಾತಿನಲ್ಲೂ ಬರುವುದಿಲ್ಲ.

ಮೀಟರ್ ಬೋರ್ಡಿನ ದೀಪದ ಬಣ್ಣ ಬದಲಿಸುವುದು ಬಳ್ಳಾರಿಯ ಹುಡುಗರಿಗೆ ಈಗ ಸಣ್ಣ ಹುಚ್ಚು. ಹೊಸ ಕಾರುಗಳು ಕಂಪನಿಯಿಂದಲೇ ಹತ್ತಾರು ಬಣ್ಣದ ಒಳದೀಪ ಹಾಕಿಕೊಂಡು ಬರುತ್ತಿವೆ. ಅಪ್ಪ ಕೊಟ್ಟ ಹಳೆಯ ಸ್ವಿಫ್ಟ್‌, ಸ್ಯಾಂಟ್ರೊ, ಆಲ್ಟೊ ಓಡಿಸುವವನಿಗೂ ಆ ಬೆಡಗು ಬೇಕು. ಕಾರ್ ಡೆಕೋರ್ ಅಂಗಡಿಗೆ ಹೋದರೆ ಸ್ಟಿಕ್ಕರ್ ಥರ ಅಂಟಿಸುವ ಎಲ್‌ಇಡಿ ಪಟ್ಟಿ ಸಿಗುತ್ತದೆ. ಕೈ ಚುರುಕಿದ್ದವನು ಒಂದು ಸೋಲ್ಡರಿಂಗ್ ಐರನ್ ಕೊಂಡು, ಮೀಟರ್ ಬಿಚ್ಚಿ, ಒಳಗಿನ ದೀಪಗಳನ್ನೇ ಬದಲಿಸುತ್ತಾನೆ. ನನಗೆ ಇವನೇ ಇಷ್ಟ. ಅಂಟಿಸುವವನು ಏನನ್ನೂ ಕಲಿಯುವುದಿಲ್ಲ, ಬಿಚ್ಚುವವನು ಕಲಿಯದೆ ಮುಂದಕ್ಕೆ ಹೋಗಲಾರ. ಆದರೆ ಹತ್ತರಲ್ಲಿ ಎಂಟು ಮಂದಿ ಕೇಳುವುದು ಒಂದೇ ಬಣ್ಣ. ಕೌಲ್ ಬಜಾರಿನ ಕಡೆಯ ಗ್ಯಾರೇಜೊಂದರಲ್ಲಿ ಒಬ್ಬ ಹುಡುಗ, "ಅಣ್ಣಾ, ಮೀಟರ್‌ನಾಗ ಬ್ಲೂ ಹಾಕಿ ಕೊಡ್ರಿ" ಎಂದಾಗ ವೈರಿಂಗ್ ಕೆಲಸದ ಹಿರಿಯರು ತಲೆಯೆತ್ತದೆ ಹೇಳಿದರು: "ನೀಲಿ ಬ್ಯಾಡಪ್ಪ, ಸಿರುಗುಪ್ಪ ರೋಡದು. ಅಪ್ಪರ್ ಬಿದ್ದೈತೋ ಡಿಪ್ಪರ್ ಬಿದ್ದೈತೋ ನಿನಗ ಹೆಂಗ್ ಗೊತ್ತಾಗಬೇಕು?"

ಆ ಪ್ರಶ್ನೆಯಲ್ಲಿ ದೊಡ್ಡ ವಿಷಯವಿದೆ. ಅದಕ್ಕೆ ಮೊದಲು ಮೀಟರ್ ಬಿಚ್ಚೋಣ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಬಂದಾಗ ಮೀಟರಿನೊಳಗಿದ್ದದ್ದು ಕಿರುಬೆರಳ ತುದಿಯಷ್ಟು ಫಿಲಮೆಂಟ್ ಬಲ್ಬುಗಳು. ಆ ಕಾಲದ ಅನೇಕ ಗಾಡಿಗಳಲ್ಲಿ ಬಲ್ಬಿನ ಮೇಲೆ ಹಸಿರು ಟೋಪಿ ಹಾಕಿಯೋ, ಡಯಲ್ಲಿನ ಹಿಂದೆ ಹಸಿರು ಹಾಳೆ ಇಟ್ಟೋ ಬಣ್ಣ ಬರಿಸುತ್ತಿದ್ದರು. ಬೇರೆ ಬಣ್ಣ ಬೇಕಾದವರು ಬಲ್ಬಿಗೆ ಉಗುರುಬಣ್ಣ ಬಳಿಯುತ್ತಿದ್ದರು, ಇಲ್ಲವೇ ಜಿಲೆಟಿನ್ ಹಾಳೆ ಸುತ್ತುತ್ತಿದ್ದರು. ನಾಟಕದ ಊರಾದ ಬಳ್ಳಾರಿಗೆ ಜಿಲೆಟಿನ್ ಹಾಳೆ ಹೊಸದೇನಲ್ಲ. ರಂಗದ ಮೇಲೆ ಬೆಳದಿಂಗಳು ತರುತ್ತಿದ್ದದ್ದೂ ಅದೇ ನೀಲಿ ಹಾಳೆ. ಅದಿರು ಲಾರಿಗಳ ಅಬ್ಬರದ ವರ್ಷಗಳಲ್ಲಿ, ಅಂದರೆ 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ, ಲಾರಿ ಕ್ಯಾಬಿನ್ನಿನ ದೇವರ ಪಟದ ಸುತ್ತ ಮಿಣುಕುವ ಸರ, ಮೇಲೊಂದು ನೀಲಿ ಬಲ್ಬು ಇಲ್ಲದ ಗಾಡಿ ಅಪರೂಪ. ಬಣ್ಣದ ಚಪಲ ಈ ಊರಿಗೆ ಇಂಟರ್‌ನೆಟ್ಟಿನಿಂದ ಬಂದದ್ದಲ್ಲ. ಅಂದಹಾಗೆ ಲಾರಿಯದ್ದು 24 ವೋಲ್ಟ್, ಕಾರಿನದ್ದು 12. ಲಾರಿ ಸಾಮಾನಿನ ಅಂಗಡಿಯ ಪಟ್ಟಿಯನ್ನು ಕಾರಿಗೆ ಹಾಕಿದರೆ ಬೆಳಗುವುದಿಲ್ಲ. ಕಾರಿನದನ್ನು ಲಾರಿಗೆ ಹಾಕಿದರೆ ಬೆಳಗಿ, ಸುಟ್ಟು, ಮುಗಿಯುತ್ತದೆ.

ಎಲ್‌ಇಡಿ ಬಂದ ಮೇಲೆ ಬಲ್ಬಿಗೆ ಬಣ್ಣ ಬಳಿಯುವ ಕೆಲಸ ತಪ್ಪಿತು, ಬಣ್ಣವೇ ದೀಪದೊಳಗೆ ಹುಟ್ಟಿತು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ತೋರಿಸಿದ್ದು 1962ರಲ್ಲಿ. ಹಳದಿ, ಹಸಿರು ಹಿಂದೆಯೇ ಬಂದವು. ಪ್ರಖರ ನೀಲಿಗೆ ಮಾತ್ರ ಮೂವತ್ತು ವರ್ಷ ಕಾಯಬೇಕಾಯಿತು. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಾಮುರ ಅದನ್ನು 1993ರಲ್ಲಿ ಹೊರತಂದರು; ಅವರಿಗೂ ಅಕಸಾಕಿ, ಅಮಾನೊ ಅವರಿಗೂ 2014ರಲ್ಲಿ ನೊಬೆಲ್ ಬಂತು. ತೊಂಬತ್ತರ ದಶಕ ಮುಗಿಯುವುದರೊಳಗೆ ಫೋಕ್ಸ್‌ವ್ಯಾಗನ್ ಕಾರುಗಳ ಮೀಟರ್ ನೀಲಿಯಾಗಿತ್ತು. ಬಿಎಂಡಬ್ಲ್ಯು ಮಾತ್ರ ತನ್ನ ಹಳೆಯ ಕಿತ್ತಳೆ ಬಣ್ಣವನ್ನು ದಶಕಗಟ್ಟಲೆ ಬಿಡಲಿಲ್ಲ. ಹಟಕ್ಕಲ್ಲ, ಅದಕ್ಕೆ ಕಣ್ಣಿನ ಕಾರಣವಿತ್ತು.

ಈಗ ಕೈಕೆಲಸ. ಹಳೆಯ ಗಾಡಿಯಾದರೆ ಸುಲಭ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಮುಸುಕಿನ ಸ್ಕ್ರೂ ತೆಗೆದು ಮೀಟರನ್ನು ಮುಂದಕ್ಕೆಳೆದರೆ ಹಿಂಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳು, ಅಲ್ಲಲ್ಲಿ ಬಲ್ಬಿನ ಹೋಲ್ಡರುಗಳು. ಕಾಲು ಸುತ್ತು ತಿರುಗಿಸಿದರೆ ಹೋಲ್ಡರ್ ಕೈಗೆ ಬರುತ್ತದೆ. ಒಳಗಿನ ಕ್ಯಾಪ್‌ಲೆಸ್ ಬಲ್ಬಿನ ಅಳತೆಯದೇ ಎಲ್‌ಇಡಿ ಬಲ್ಬು ಅಂಗಡಿಯಲ್ಲಿ ಸಿಗುತ್ತದೆ. ಬೆಳಗದಿದ್ದರೆ ಕೆಟ್ಟಿದೆ ಎಂದು ಎಸೆಯಬೇಡಿ, ತಿರುಗಿಸಿ ಹಾಕಿ. ಫಿಲಮೆಂಟಿಗೆ ಪ್ಲಸ್ ಮೈನಸ್ಸಿನ ಹಂಗಿಲ್ಲ, ಎಲ್‌ಇಡಿಗೆ ಇದೆ. ಡಯಲ್ಲಿನ ಹಿಂದೆಯೇ ಹಸಿರು ಬಣ್ಣ ಮುದ್ರಿಸಿದ್ದರೆ ಬಲ್ಬು ಯಾವುದು ಹಾಕಿದರೂ ಹಸಿರೇ. ಅಲ್ಲಿಗೆ ಕೆಂಪು ಎಲ್‌ಇಡಿ ಹಾಕಿದರಂತೂ ಬರೀ ಕತ್ತಲೆ. ಫಿಲಮೆಂಟ್ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಎಲ್‌ಇಡಿ ನೇರ ಮುಂದಕ್ಕೆ ಉಗುಳುವುದರಿಂದ 40ರ ಅಂಕಿ ಧಗಧಗ, 120 ಮಂಕು. ಎಲ್‌ಇಡಿಯ ಗುಂಡುತಲೆಯನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಮೊಂಡು ಮಾಡಿದರೆ ಬೆಳಕು ಹರಡಿಕೊಳ್ಳುತ್ತದೆ. ರೇಡಿಯೊ ರಿಪೇರಿಯವರ ಹಳೆಯ ಉಪಾಯ ಇದು, ಇಂದಿಗೂ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಈಚಿನ ಗಾಡಿಗಳಲ್ಲಿ ಕಥೆ ಬೇರೆ. ಬೋರ್ಡಿಗೇ ಅಕ್ಕಿಕಾಳಿನಷ್ಟು ಎಲ್‌ಇಡಿಗಳನ್ನು ಬೆಸೆದಿರುತ್ತಾರೆ. 3.5 ಮಿಲಿಮೀಟರ್ ಉದ್ದ, 2.8 ಅಗಲ; ಹಾಗಾಗಿ ಅಂಗಡಿಯಲ್ಲಿ 3528 ಎಂದೇ ಕೇಳಬೇಕು. ಒಂದು ಮೂಲೆ ಕತ್ತರಿಸಿದಂತಿದ್ದರೆ ಅದು ಸಾಮಾನ್ಯವಾಗಿ ಮೈನಸ್ ಕಡೆ. ಹೊಸದು ಬೆಸೆಯುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿಕೊಂಡರೆ ಅನುಮಾನವೇ ಉಳಿಯುವುದಿಲ್ಲ. ಈ ಬೋರ್ಡಿಗೆ ಹೋಗಬೇಕಾದರೆ ಮುಳ್ಳು ಕೀಳಬೇಕು, ಎಡವುವವರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಮುಳ್ಳು ಎಲ್ಲಿ ನಿಂತಿತ್ತೆಂದು ಮೊದಲೇ ಫೋಟೊ ತೆಗೆದುಕೊಳ್ಳದಿದ್ದರೆ, ವಾಪಸ್ ಕೂರಿಸುವಾಗ ಒಂದೆರಡು ಗೆರೆ ಆಚೀಚೆಯಾಗಿ 60ರಲ್ಲಿ ಹೋಗುವ ಗಾಡಿ 50 ತೋರಿಸುತ್ತದೆ. ಓಡಿದ ಕಿಲೋಮೀಟರಿನ ಫೋಟೊ ಕೂಡ ಇಟ್ಟುಕೊಳ್ಳಿ. ಬಿಚ್ಚಿದ ಮೀಟರ್ ಕಂಡರೆ ನಾಳೆ ಗಾಡಿ ಕೊಳ್ಳುವವನಿಗೆ ಅನುಮಾನ ಬರುವುದು ಸಹಜ.

ಸೋಲ್ಡರಿಂಗಿಗೆ 25 ವಾಟಿನ ಐರನ್ ಸಾಕು. ತವರ 60, ಸೀಸ 40 ಪಾಲಿನ ತಂತಿ 183 ಡಿಗ್ರಿಯಲ್ಲಿ ಮೆತ್ತಗಾಗಿ 190ರ ಹತ್ತಿರ ಪೂರ್ತಿ ಕರಗುತ್ತದೆ. ಸೀಸವಿಲ್ಲದ ತಂತಿಗೆ 220ರ ಸಮೀಪ ಬೇಕು, ಕಲಿಯುವವರಿಗೆ ಅದು ಸ್ವಲ್ಪ ಮೊಂಡು. ತಂತಿಯ ಹೊಟ್ಟೆಯಲ್ಲಿ ರಾಳವಿರುತ್ತದೆ. ನಮ್ಮ ಬೀದಿಗಳಲ್ಲಿ ಕುಲುಮೆ ಹೂಡಿ ಕಲಾಯಿ ಹಾಕುತ್ತಿದ್ದವರನ್ನು ನೋಡಿದ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ. ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಎರಚುತ್ತಿದ್ದರು, ಹೊಗೆಯೇಳುತ್ತಿತ್ತು, ಮೇಲೆ ತವರ ತಾಗಿಸಿ ಅರಳೆಯಿಂದ ಒರೆಸಿದರೆ ಪಾತ್ರೆಯ ಒಳಮೈ ಬೆಳ್ಳಗೆ ಹೊಳೆಯುತ್ತಿತ್ತು. ನವಸಾಗರ ಅಲ್ಲಿ ಮಾಡುತ್ತಿದ್ದ ಕೆಲಸವನ್ನೇ ರಾಳ ಇಲ್ಲಿ ಮಾಡುತ್ತದೆ: ಲೋಹದ ಮೇಲಿನ ಕಿಲುಬು ತೆಗೆದು ತವರಕ್ಕೆ ದಾರಿ ಬಿಡುವುದು. ಆದರೆ ನವಸಾಗರವಾಗಲಿ, ನಲ್ಲಿ ಕೆಲಸದವರ ಆಸಿಡ್ ಪೇಸ್ಟಾಗಲಿ ಎಲೆಕ್ಟ್ರಾನಿಕ್ಸಿಗೆ ಬೇಡ. ಆರು ತಿಂಗಳಲ್ಲಿ ತಾಮ್ರವನ್ನು ತಿಂದು ಹಸಿರು ಮಾಡುತ್ತವೆ.

ಐರನ್ನಿನ ತುದಿಗೆ ತಂತಿ ಕರಗಿಸಿಕೊಂಡು ಹೋಗಿ ಮೆತ್ತುವುದು ಸೋಲ್ಡರಿಂಗ್ ಅಲ್ಲ. ಬೋರ್ಡಿನ ತಾಮ್ರ ಮತ್ತು ಎಲ್‌ಇಡಿಯ ಕಾಲು ಎರಡೂ ಕಾಯಬೇಕು, ಕಾದ ಜಾಗಕ್ಕೆ ತಂತಿ ತಾಗಿಸಬೇಕು, ಅದು ತಾನಾಗಿ ಹರಿದು ಕೂರಬೇಕು. ಎರಡು ಮೂರು ಸೆಕೆಂಡಿನ ಆಟ. ಹೆಚ್ಚು ಹೊತ್ತು ಒತ್ತಿದರೆ ಬೋರ್ಡಿನ ತಾಮ್ರವೇ ಸಿಪ್ಪೆಯಂತೆ ಎದ್ದು ಬರುತ್ತದೆ, ಆಮೇಲೆ ಬ್ರಹ್ಮ ಬಂದರೂ ಕಷ್ಟ. ಕಡಿಮೆ ಕಾದರೆ ಮೇಲೆ ಉಂಡೆ ಕೂತಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಟಿವಿ ರಿಪೇರಿಯವರು 'ಡ್ರೈ ಸೋಲ್ಡರ್' ಎನ್ನುವುದು ಇದಕ್ಕೇ. ಮನೆಯೊಳಗಿನ ಟಿವಿಯಲ್ಲಾದರೆ ಅದು ವರ್ಷಗಟ್ಟಲೆ ಗುಟ್ಟಾಗಿ ಉಳಿಯಬಹುದು. ಸಿರಿಗೇರಿ ಕ್ರಾಸ್ ದಾಟುವ ಕಾರಿನಲ್ಲಿ ಮೊದಲ ಗುಂಡಿಗೇ ಬಯಲಾಗುತ್ತದೆ: ಚಕ್ರ ಇಳಿದಾಗ ದೀಪ ಆರಿತು, ಮೇಲೆದ್ದಾಗ ಹತ್ತಿತು. ಇನ್ನು ಹೊಗೆ. ಈ ಶಾಖದಲ್ಲಿ ಸೀಸ ಆವಿಯಾಗುವುದಿಲ್ಲ, ಏಳುವುದು ರಾಳದ ಹೊಗೆ. ಉಬ್ಬಸವಿದ್ದವರಿಗೆ ಅದೂ ಕೆಟ್ಟದ್ದೇ. ಸೀಸ ಹೊಟ್ಟೆಗೆ ಹೋಗುವುದು ಕೈಯಿಂದ. ಸೋಲ್ಡರ್ ಹಿಡಿದ ಕೈಯಲ್ಲೇ ಮಂಡಕ್ಕಿ ಮಿರ್ಚಿಗೆ ಕೈ ಹಾಕಬೇಡಿ.

ಲೆಕ್ಕದ ಭಾಗಕ್ಕೆ ಹೈಸ್ಕೂಲಿನ ಓಮ್ ನಿಯಮ ಸಾಕು. ಬ್ಯಾಟರಿ 12 ವೋಲ್ಟ್ ಎನ್ನುತ್ತೇವೆ. ಇಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 14.4ರ ತನಕ ಒಯ್ಯುತ್ತದೆ. ಬಿಳಿ ಅಥವಾ ನೀಲಿ ಎಲ್‌ಇಡಿ ಒಂದಕ್ಕೆ ಬೇಕಾದದ್ದು 3.2 ವೋಲ್ಟ್. ಮಿಕ್ಕ 11.2 ವೋಲ್ಟನ್ನು ರೆಸಿಸ್ಟರ್ ನುಂಗಬೇಕು. 20 ಮಿಲಿ ಆಂಪಿಯರ್ ಹರಿಯಬೇಕಾದರೆ 560 ಓಮ್. ನುಂಗಿದ್ದೆಲ್ಲ ಶಾಖ, ಸುಮಾರು 0.22 ವಾಟ್. ಕಾಲು ವಾಟಿನ ರೆಸಿಸ್ಟರ್ ಕಾಗದದ ಮೇಲೆ ಇದನ್ನು ತಾಳುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ ನೆರಳಿಲ್ಲದ ಕಡೆ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದವರು ಕಾಗದವನ್ನು ನಂಬುವುದಿಲ್ಲ. ಅರ್ಧ ವಾಟಿನದು ಹಾಕಿ. ಅದಕ್ಕಿಂತ ಜಾಣತನವೆಂದರೆ 1,000 ಓಮ್ ಹಾಕಿ ಕರೆಂಟನ್ನೇ 11 ಮಿಲಿ ಆಂಪಿಯರಿಗೆ ಇಳಿಸುವುದು. ರೆಸಿಸ್ಟರ್ ತಣ್ಣಗಿರುತ್ತದೆ, ಎಲ್‌ಇಡಿ ಹೆಚ್ಚು ಬಾಳುತ್ತದೆ, ಕಣ್ಣಿಗೂ ಹಿತ.

ಕಂಪನಿಯ ಬೋರ್ಡಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ನಾಲ್ಕು ಅಂಬರ್ ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿದ್ದಾರೆ ಅಂದುಕೊಳ್ಳಿ. ಒಂದೊಂದಕ್ಕೆ 2 ವೋಲ್ಟಿನಂತೆ ಎಂಟಾಯಿತು, ಆರಾಮ. ಅದೇ ಜಾಗದಲ್ಲಿ ನಾಲ್ಕು ನೀಲಿ ಕೂರಿಸಿದರೆ 12.8 ವೋಲ್ಟ್ ಬೇಕು. ಇಂಜಿನ್ ಓಡುವಾಗ ಹೇಗೋ ಬೆಳಗುತ್ತದೆ, ಆಫ್ ಮಾಡಿದರೆ ಮಿಣುಕು. "ಚೈನಾ ಮಾಲು, ಹಂಗ ಇರ್ತೈತಿ" ಎಂದು ದೀಪಕ್ಕೆ ಬೈಯುವ ಮೊದಲು ಈ ಕೂಡಿಸುವ ಲೆಕ್ಕ ಮಾಡಿ, ರೆಸಿಸ್ಟರ್ ಬದಲಿಸಿ.

ತಂತಿ ಜೋಡಣೆಯ ಬಗ್ಗೆ ಎರಡು ಮಾತು. ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದ ಜೋಡಣೆಯ ಗೋಂದು ಇಲ್ಲಿನ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಜಾರುತ್ತದೆ. ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಹೊಸ ಪಟ್ಟಿ ಎಳೆಯುವುದಾದರೆ ಪಾರ್ಕಿಂಗ್ ಲೈಟಿನ ಸರ್ಕ್ಯೂಟಿನಿಂದ, ನಡುವೆ ಒಂದು ಆಂಪಿಯರ್ ಫ್ಯೂಸ್ ಇಟ್ಟು ತೆಗೆದುಕೊಳ್ಳಿ. ಹಳದಿ ಕವಚದ ತಂತಿ, ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆಗೆಯಿರಿ, ಅದು ಏರ್‌ಬ್ಯಾಗಿನದ್ದು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ, ಈಚಿನ ಗಾಡಿಯಾದರೆ ಅದು ಇದ್ದೇ ಇರುತ್ತದೆ.

ಮೀಟರಿನಲ್ಲಿ ಬದಲಿಸಲೇಬಾರದ ಬಲ್ಬೊಂದಿದೆ, ಬ್ಯಾಟರಿ ಚಿಹ್ನೆಯ ಕೆಂಪು ದೀಪ. ಹಳೆಯ ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟ್ ಈ ಬಲ್ಬಿನ ಮೂಲಕವೇ ಹರಿಯುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಕರೆಂಟ್ ಸಾಲದೆ ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತಿರುತ್ತದೆ, ಚಾರ್ಜ್ ಮಾಡುವುದಿಲ್ಲ. ಗಾಡಿಯ ಮಾಲೀಕ ಹೊಸ ಬ್ಯಾಟರಿ ಕೊಳ್ಳುತ್ತಾನೆ, ಅದೂ ಕೂರುತ್ತದೆ. ಹತ್ತು ರೂಪಾಯಿಯ ಬಲ್ಬಿನ ಮೇಲೆ ಯಾರ ಅನುಮಾನವೂ ಹೋಗುವುದಿಲ್ಲ.

ಈಗ ಕೌಲ್ ಬಜಾರಿನ ಆ ಪ್ರಶ್ನೆಗೆ. ಮೀಟರ್ ಬೋರ್ಡಿನ ಬಣ್ಣಗಳಿಗೆ ಜಗತ್ತಿನಾದ್ಯಂತ ಒಂದು ಒಪ್ಪಂದವಿದೆ. ಕೆಂಪು ಕಂಡರೆ ನಿಲ್ಲು, ಅಂಬರ್ ಕಂಡರೆ ಗಮನಿಸು, ಹಸಿರು ಎಂದರೆ ಕೆಲಸ ನಡೆಯುತ್ತಿದೆ. ನೀಲಿಯನ್ನು ಮೀಸಲಿಟ್ಟಿರುವುದು ಹೈಬೀಮಿಗೆ. ಇಡೀ ಬೋರ್ಡಿನಲ್ಲಿ ನೀಲಿ ಒಂದೇ ಒಂದು ಇರಲಿ, ಓರೆಗಣ್ಣಿಗೂ ತಟ್ಟಲಿ ಎಂಬುದೇ ಅದರ ಉದ್ದೇಶ. ಇಡೀ ಬೋರ್ಡನ್ನೇ ನೀಲಿ ಮಾಡಿದರೆ ಆ ಚಿಕ್ಕ ಚಿಹ್ನೆ ಅದರಲ್ಲಿ ಮುಳುಗುತ್ತದೆ. ಚಾಲಕ ಅಪ್ಪರಿನಲ್ಲೇ ಹೋಗುತ್ತಿರುತ್ತಾನೆ, ಡಿಪ್ಪರಿನಲ್ಲಿದ್ದೇನೆ ಎಂದು ನಂಬಿರುತ್ತಾನೆ. ಎದುರಿನವನು ಲೈಟ್ ಮಿನುಗಿಸಿದರೆ, "ಇವನಿಗೇನ್ ಬಂತು ರೋಗ" ಎಂದು ತಾನೂ ಮಿನುಗಿಸುತ್ತಾನೆ. ಕಣ್ಣು ಕುಕ್ಕುವ ಹೆಡ್‌ಲೈಟುಗಳ ಮೇಲೆ 2024ರ ಜುಲೈಯಿಂದ ರಾಜ್ಯದ ಪೊಲೀಸರು ಪ್ರಕರಣ ಹಾಕಲು ಮುಂದಾದದ್ದು ನೆನಪಿರಬಹುದು. ಆ ಕುಕ್ಕುವಿಕೆಯ ಒಂದು ಪಾಲಾದರೂ ಕೆಟ್ಟ ಬಲ್ಬಿನದಲ್ಲ, ಹೈಬೀಮ್ ಇಳಿಸಲು ಮರೆತವರದು.

ಕಣ್ಣಿನ ಕಾರಣ ಇನ್ನೂ ಗಟ್ಟಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆ ಹೊಂದಾಣಿಕೆ ಕೆಡಲು ಸೆಕೆಂಡುಗಳು ಸಾಕು. ಕತ್ತಲಲ್ಲಿ ನಮಗೆ ಕಾಣಿಸುವ ಕೋಶಗಳು ನೀಲಿ–ಹಸಿರಿಗೆ ಬೇಗ ಕೆರಳುತ್ತವೆ, ಕೆಂಪನ್ನು ಹೆಚ್ಚೂಕಡಿಮೆ ಗಮನಿಸುವುದೇ ಇಲ್ಲ. ಹಿಂದಿನ ಕಾಲದ ಯುದ್ಧವಿಮಾನ, ಜಲಾಂತರ್ಗಾಮಿಗಳಲ್ಲಿ ರಾತ್ರಿ ಕೆಂಪು ದೀಪ ಹಾಕುತ್ತಿದ್ದದ್ದು ಇದಕ್ಕಾಗಿ. ಕಾರಿನಲ್ಲಿ ಪೂರ್ತಿ ಕೆಂಪು ಮಾಡಿದರೆ ಆಯಿಲ್, ಬ್ರೇಕಿನ ಎಚ್ಚರಿಕೆ ದೀಪಗಳು ಮಾಸುತ್ತವೆ. ಹಾಗಾಗಿ ನಡುವಿನ ಕಿತ್ತಳೆ, ಬಿಎಂಡಬ್ಲ್ಯುದವರು ಹಿಡಿದದ್ದು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಅರವತ್ತರ ಕಣ್ಣಿನ ಹಿಂಪರದೆಗೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ತಲುಪುತ್ತದೆ, ನೀಲಿ ಅಕ್ಷರ ಮಸುಕಾಗಿಯೇ ಕಾಣುತ್ತದೆ. ಮಗ ಹಾಕಿಸಿದ ನೀಲಿ ಮೀಟರನ್ನು ನಸುಕಿಗೆ ಗದ್ದೆಗೆ ಹೊರಟ ಅಪ್ಪ ಓದಬೇಕಲ್ಲ? 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೀಟರಿನಿಂದ ಕಣ್ಣೆತ್ತಿ ಮತ್ತೆ ಕತ್ತಲೆಗೆ ಹೊಂದಿಸಿಕೊಳ್ಳುವುದರೊಳಗೆ ದೀಪವಿಲ್ಲದ ಟ್ರೇಲರ್ ಎಷ್ಟು ಹತ್ತಿರ ಬಂದಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಬಣ್ಣವೊಂದೇ ದೋಷಿಯಲ್ಲ. ಪ್ರಖರತೆ ಅದಕ್ಕಿಂತ ದೊಡ್ಡ ಅಪರಾಧಿ. ಮಂದವಾದ ನೀಲಿ ಧಗಧಗಿಸುವ ಅಂಬರಿಗಿಂತ ವಾಸಿ. ಹಳೆಯ ಗಾಡಿಯ ಬೆಳಕು ತಗ್ಗಿಸುವ ಗುಂಡಿ ಫಿಲಮೆಂಟಿಗೆ ಮಾಡಿದ್ದು, ಎಲ್‌ಇಡಿ ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆದ್ದರಿಂದ ಬೆಳಕನ್ನು ರೆಸಿಸ್ಟರಿನಲ್ಲೇ ತಗ್ಗಿಸಿಡಬೇಕು. 1,000 ಓಮ್ ಎಂದು ಮೇಲೆ ಹೇಳಿದ್ದಕ್ಕೆ ಇದೂ ಕಾರಣ. 2,200 ಓಮ್ ಹಾಕಿದರೂ ತಪ್ಪಿಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತವಾಗಿ ಹೇಳಿದೆ. ಹೊರಗೆ ಕೆಂಪು, ನೀಲಿ ದೀಪ ತೋರಿಸುವುದಕ್ಕೆ ಮೋಟಾರು ವಾಹನ ನಿಯಮಗಳಲ್ಲಿ ಕಟ್ಟಳೆಯಿದೆ, ವಾಹನದ ಒಳದೀಪಕ್ಕೆ ಆ ಕಟ್ಟಳೆಯಿಂದ ವಿನಾಯಿತಿಯಿದೆ. ಮೀಟರಿನೊಳಗಿನ ಬಲ್ಬಿನ ಬಣ್ಣಕ್ಕೆ ದಂಡ ಹಾಕಿದ್ದನ್ನು ನಾನಂತೂ ಕೇಳಿಲ್ಲ. ಆದರೆ ಮುಂಗಾಜಿನ ಕೆಳಗೆ ಓಡಾಡುವ ನೀಲಿ–ಕೆಂಪು ಪಟ್ಟಿ ಹೊರಗಿನವರಿಗೂ ಕಾಣುತ್ತದೆ, ಅದು ಒಳದೀಪವೆಂಬ ವಾದ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದು ಕಷ್ಟ. ವಾರಂಟಿ ಮುಗಿಯದ ಗಾಡಿಯ ಮೀಟರ್ ಬಿಚ್ಚುವುದೂ ಬುದ್ಧಿವಂತಿಕೆಯಲ್ಲ.

ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ, ಪಾಲಿಟೆಕ್ನಿಕ್ಕಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ರಜೆಯ ಕೆಲಸ ನನಗೆ ತೋಚುವುದಿಲ್ಲ. ಗುಜರಿಯಿಂದ ಒಂದು ಹಳೆಯ ಮೀಟರ್ ಬೋರ್ಡ್ ತಂದು ಮೊದಲು ಅದರ ಮೇಲೆ ಕೈ ಪಳಗಿಸಿ, ಆಮೇಲೆ ಮನೆಯ ಗಾಡಿಗೆ ಬನ್ನಿ. ಕೆಲಸ ಮುಗಿದ ರಾತ್ರಿ ಊರ ಬೀದಿದೀಪದ ಕೆಳಗೆ ನಿಂತು ಚೆಂದ ನೋಡಬೇಡಿ. ಕುರುಗೋಡು ರಸ್ತೆಯ ಕಡೆ, ದೀಪವಿಲ್ಲದ ಕಡೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಅರ್ಧ ಗಂಟೆ ಕತ್ತಲಲ್ಲಿ ಕೂತು ಕಣ್ಣು ಪಳಗಲಿ. ಆಮೇಲೆ ಮೀಟರ್ ಹಚ್ಚಿ, ಅಂಕಿ ಓದಿ, ತಲೆಯೆತ್ತಿ ಎದುರಿನ ಗುಡ್ಡದ ಅಂಚು ಇನ್ನೂ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ರೆಸಿಸ್ಟರ್ ಹೆಚ್ಚಿಸಿ. ಕೊನೆಗೆ ಅಪ್ಪರ್ ಹಾಕಿ. ಅದರ ನೀಲಿ ಚಿಹ್ನೆ ಹುಡುಕದೆಯೇ ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಹಳೆಯ ಬಲ್ಬನ್ನೇ ವಾಪಸ್ ಹಾಕಿ.